ಬಣ್ಣ ಗೋಡೆಗೆ, ಬಿಳಿ ಮುಖಕ್ಕೆ: ಲೈಟಿನ ಕನ್ನಡಿ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ತಿಂಗಳು ಈ ಅಂಕಣದಲ್ಲಿ ನಮ್ಮ ಹಾಲ್‌ಗೆ ನಾನೇ ಮಾಡಿಕೊಂಡ ಕನ್ನಡಿ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಸಾಗುವಾನಿ ಕಟ್ಟು, ಹಿಂದೆ ಬಣ್ಣ ಬದಲಿಸುವ ಎಲ್‌ಇಡಿ ಲೈಟು, ಅಷ್ಟೇ. ಹೇಗೆ ಮಾಡಿದೆ ಅಂತ ಮಾತ್ರ ಬರೆದಿರಲಿಲ್ಲ. ಅದಕ್ಕೆ ನೀವು ಬೈದಿದ್ದು ಸರಿಯೇ. ಈ ಸಲ ಬೇರೆ ವಿಷಯ ಬಿಟ್ಟು ಬರೀ ಕನ್ನಡಿ ಪತ್ರಗಳಿಗೇ ಉತ್ತರ.

ಪ್ರಶ್ನೆ: ಸರ್, 2 ಅಡಿ ಅಗಲ, 3 ಅಡಿ ಎತ್ತರದ ಕನ್ನಡಿ ಮಾಡಬೇಕು ಅಂತಿದ್ದೇನೆ. ಅಂಗಡಿಗೆ ಹೋದರೆ 5 ವೋಲ್ಟ್, 12 ವೋಲ್ಟ್, ಪಿಕ್ಸೆಲ್ ಅಂತ ಹೇಳಿ ತಲೆ ಕೆಡಿಸಿದರು. ಯಾವುದು ತಗೊಳ್ಳಲಿ? ಅಡಾಪ್ಟರ್ ಎಷ್ಟು ಆಂಪಿಯರ್‌ದು ಬೇಕು? ಲೈಟು ಕನ್ನಡಿ ಮುಂದೆ ಹಚ್ಚಬೇಕೋ ಹಿಂದೆಯೋ?
ನವನಗರ, ಬಾಗಲಕೋಟೆ

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡೋಣ, ಯಾಕಂದರೆ ಅಲ್ಲೇ ಎಲ್ಲರೂ ಎಡವೋದು, ನಾನೂ ಎಡವಿದ್ದೆ. ನನ್ನ ಮೊದಲ ಕನ್ನಡಿಗೆ ಕಟ್ಟಿನ ಮುಂಭಾಗದ ಒಳಅಂಚಿಗೇ ಸ್ಟ್ರಿಪ್, ಅಂದರೆ ಎಲ್‌ಇಡಿ ಲೈಟಿನ ಪಟ್ಟಿ, ಹಚ್ಚಿದ್ದೆ. ರಾತ್ರಿ ಆನ್ ಮಾಡಿದೆ. ಸಾಲು ಸಾಲು ಚುಕ್ಕಿ, ಕೆಂಪು, ಹಸಿರು, ನೀಲಿ. ಅವೇ ಚುಕ್ಕಿ ಕನ್ನಡಿಯಲ್ಲೂ ಕಂಡು ಎರಡರಷ್ಟಾದವು. ಊರಿಂದ ಬಂದಿದ್ದ ನಮ್ಮಕ್ಕ ನೋಡಿ, "ಏನೋ ಇದು, ಪಾನ್ ಅಂಗಡಿ ಇಟ್ಟೀಯೇನು?" ಅಂದಳು. ಮರುದಿನವೇ ಕಿತ್ತೆ.

ಲೈಟಿನ ದಾಣಿ, ಅಂದರೆ ಸ್ಟ್ರಿಪ್ ಮೇಲಿನ ಒಂದೊಂದು ಪುಟ್ಟ ಎಲ್‌ಇಡಿ, ಕಣ್ಣಿಗೆ ಬೀಳಬಾರದು. ಅದರ ಬೆಳಕು ಗೋಡೆಗೆ ಬಿದ್ದು, ಗೋಡೆಯಿಂದ ನಮಗೆ ಬರಬೇಕು. ಅದಕ್ಕೆ ಹೀಗೆ ಮಾಡಿ. 12 ಮಿಲಿಮೀಟರ್ ಪ್ಲೈವುಡ್ ಮೇಲೆ ಕನ್ನಡಿ, ಅದರ ಸುತ್ತ ಎರಡೆರಡು ಇಂಚು ಅಗಲದ ಕಟ್ಟು. ಹಿಂಬದಿಯಲ್ಲಿ ಒಂದೂವರೆ ಇಂಚು ದಪ್ಪದ ಕಟ್ಟಿಗೆ ಪಟ್ಟಿಗಳಿಂದ ಒಂದು ಚೌಕ, ಅದು ಕನ್ನಡಿಯಷ್ಟೇ ಇರಲಿ, ಅಂದರೆ 2 ಅಡಿಗೆ 3 ಅಡಿ. ಆಗ ಕಟ್ಟು ಎಲ್ಲಾ ಕಡೆ ಎರಡು ಇಂಚು ಹೊರಗೆ ಚಾಚಿರುತ್ತದೆ, ಮನೆಯ ಸಜ್ಜಾ ಇದ್ದ ಹಾಗೆ. ಆ ಚೌಕದ ಹೊರಮೈಗೆ ಸುತ್ತಲೂ ಸ್ಟ್ರಿಪ್ ಹಚ್ಚಿ. ದಾಣಿ ಸಜ್ಜಾದ ಕೆಳಗೆ ಅಡಗುತ್ತದೆ, ಬೆಳಕು ಗೋಡೆ ಮೇಲೆ ಹರಡುತ್ತದೆ. ಇದರಲ್ಲಿ ಇನ್ನೊಂದು ಲಾಭವಿದೆ. ಸ್ಟ್ರಿಪ್ ತನ್ನ ಅಗಲದ ಕಡೆಗೆ ಬಾಗಲ್ಲ, ದಪ್ಪದ ಕಡೆಗೆ ಮಾತ್ರ ಬಾಗುತ್ತದೆ. ಚೌಕದ ಹೊರಮೈಗೆ ಸುತ್ತಿದರೆ ಮೂಲೆಗಳಲ್ಲಿ ಅದು ಸರಾಗವಾಗಿ ತಿರುಗುತ್ತದೆ. ಕತ್ತರಿಸಿ ಬೆಸುಗೆ ಹಾಕುವ ಕೆಲಸವೇ ಇಲ್ಲ. ಮೂಲೆಯನ್ನು ಉಪ್ಪುಕಾಗದದಿಂದ ಸ್ವಲ್ಪ ದುಂಡಗೆ ಉಜ್ಜಿ, ದಾಣಿ ಸರಿಯಾಗಿ ಮೂಲೆ ಮೇಲೆ ಬರದ ಹಾಗೆ ನೋಡಿಕೊಳ್ಳಿ.

ಗೋಡೆ ಬಿಳಿ ಅಥವಾ ಕ್ರೀಮ್ ಬಣ್ಣದ್ದಾಗಿದ್ದು ಹೊಳಪಿಲ್ಲದಿದ್ದರೆ ಒಳ್ಳೇದು. ಆಯಿಲ್ ಪೇಂಟ್ ಹೊಡೆದ ಗೋಡೆಯೂ ಒಂದು ತರಹದ ಕನ್ನಡಿಯೇ, ಅದರಲ್ಲಿ ಚುಕ್ಕಿಗಳು ಮತ್ತೆ ಕಾಣುತ್ತವೆ.

ಈಗ ಯಾವ ಸ್ಟ್ರಿಪ್ ಅಂತ. ಸಾದಾ 12 ವೋಲ್ಟ್ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಸ್ಟ್ರಿಪ್‌ನಲ್ಲಿ ಎಲ್ಲಾ ದಾಣಿಗೂ ಒಮ್ಮೆಗೆ ಒಂದೇ ಬಣ್ಣ. ಪಿಕ್ಸೆಲ್ ಸ್ಟ್ರಿಪ್‌ನಲ್ಲಿ, ಅಂದರೆ ಡಬ್ಲ್ಯುಎಸ್ 2812ಬಿ ತರಹದ್ದರಲ್ಲಿ, ಒಂದೊಂದು ದಾಣಿಯೊಳಗೂ ಒಂದು ಪುಟ್ಟ ಚಿಪ್ ಇರುತ್ತದೆ, ಹಾಗಾಗಿ ಒಂದೊಂದಕ್ಕೂ ಬೇರೆ ಬಣ್ಣ ಕೊಡಬಹುದು, ಬಣ್ಣ ಓಡುವ ಹಾಗೆ ಮಾಡಬಹುದು. ಚೆಂದವೇ, ಆದರೆ ಅದು 5 ವೋಲ್ಟ್. ಪೂರ್ತಿ ಬಿಳಿ ಹಚ್ಚಿದರೆ ದಾಣಿಗೆ 60 ಮಿಲಿಆಂಪಿಯರ್ ತನಕ ಎಳೆಯುತ್ತದೆ. ನಿಮ್ಮ ಕನ್ನಡಿಯ ಸುತ್ತಳತೆ 10 ಅಡಿ, ಅಂದರೆ ಸುಮಾರು 3 ಮೀಟರ್. ಮೀಟರ್‌ಗೆ 60 ದಾಣಿ ಅಂದರೆ 180. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 11 ಆಂಪಿಯರ್! ತೆಳು ವೈರಿನಲ್ಲಿ ಅಷ್ಟು ಕರೆಂಟ್ ಹರಿಸಬಾರದು. ಮೊದಲ ಸಲ ಮಾಡುವವರಿಗೆ ಸಾದಾ 12 ವೋಲ್ಟ್ ಸಾಕು ಅನ್ನೋದು ನನ್ನ ಮಾತು. ಅದು 5050 ಅಳತೆಯ ದಾಣಿ, ಮೀಟರ್‌ಗೆ 60 ಇದ್ದದ್ದಾದರೆ ಮೀಟರ್‌ಗೆ 14.4 ವ್ಯಾಟ್. 3 ಮೀಟರ್‌ಗೆ ಸುಮಾರು 43 ವ್ಯಾಟ್, ಅಂದರೆ 3.6 ಆಂಪಿಯರ್. ಅಡಾಪ್ಟರ್ ಅನ್ನು ಪೂರ್ತಿ ದುಡಿಸಬಾರದು, ಎತ್ತಿಗೆ ಹೇರುವಾಗ ನೋಡಿ ಹೇರೋ ಹಾಗೆ. 12 ವೋಲ್ಟ್ 5 ಆಂಪಿಯರ್‌ದು ತಗೊಳ್ಳಿ.

ರೋಲ್ 5 ಮೀಟರ್ ಇರುತ್ತದೆ, ಉಳಿದದ್ದನ್ನು ಕತ್ತರಿಸಬಹುದು. ಪ್ರತಿ 3 ದಾಣಿಗೊಮ್ಮೆ ಕತ್ತರಿ ಗುರುತಿನ ಗೆರೆ ಇದೆ, ಅಲ್ಲೇ ಕತ್ತರಿಸಿ, ಬೇರೆ ಎಲ್ಲೂ ಬೇಡ. ಇನ್ನು ಸ್ಟ್ರಿಪ್ ಹಿಂದಿನ ಅಂಟಿನ ಮೇಲೆ ಭರವಸೆ ಇಡಬೇಡಿ. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲು ಗೊತ್ತಲ್ವಾ, ಮಧ್ಯಾಹ್ನ ಮಲಗಿ ಏಳುವಷ್ಟರಲ್ಲಿ ಸ್ಟ್ರಿಪ್ ಜೋತು ಬಿದ್ದಿರುತ್ತದೆ. ಕಟ್ಟಿಗೆಗೆ ಮೊದಲೇ ವಾರ್ನಿಶ್ ಹೊಡೆದು ಒಣಗಿಸಿ, ಧೂಳು ಒರೆಸಿ, ಆಮೇಲೆ ಹಚ್ಚಿ, ಅಲ್ಲಲ್ಲಿ ಪ್ಲಾಸ್ಟಿಕ್ ಕ್ಲಿಪ್ಪಿನಿಂದ ಬಿಗಿ ಮಾಡಿ.

ಅಡಾಪ್ಟರ್ ಅನ್ನು ಚೌಕದೊಳಗೆ ಮುಚ್ಚಿಡಬೇಡಿ, ಅದು ಬಿಸಿಯಾಗುತ್ತದೆ, ಅದಕ್ಕೆ ಗಾಳಿ ಬೇಕು. ಹೊರಗೆ ಸಾಕೆಟ್ ಹತ್ತಿರವೇ ಇರಲಿ. ಕನ್ನಡಿಗೆ ಬರೀ 12 ವೋಲ್ಟಿನ ವೈರ್ ಹೋಗಲಿ. 230 ವೋಲ್ಟಿನ ವೈರನ್ನು ಕನ್ನಡಿ ಹಿಂದೆ ತರುವುದಾದರೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ನೇತು ಹಾಕುವುದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 4 ಮಿಲಿಮೀಟರ್ ಕನ್ನಡಿ ಚದರ ಮೀಟರ್‌ಗೆ 10 ಕೆಜಿ ತೂಗುತ್ತದೆ. ನಿಮ್ಮದು ಐದೂವರೆ ಕೆಜಿ ಆಯಿತು. ಪ್ಲೈವುಡ್, ಕಟ್ಟು ಸೇರಿದರೆ 10 ಕೆಜಿ ದಾಟುತ್ತದೆ. ಒಂದು ಮೊಳೆಗೆ ತಂತಿ ಕಟ್ಟಿ ತೂಗಿಬಿಡುವ ಫೋಟೋ ಅಲ್ಲ ಇದು. ಒಂದು ಕಟ್ಟಿಗೆ ಪಟ್ಟಿಯನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿಸಿ. ಒಂದು ಅರ್ಧವನ್ನು ಗೋಡೆಗೆ ಸ್ಕ್ರೂ ಮಾಡಿ, ಇನ್ನೊಂದನ್ನು ಕನ್ನಡಿ ಹಿಂದಕ್ಕೆ. ಒಂದರ ಮೇಲೊಂದು ಕಚ್ಚಿ ಕೂರುತ್ತವೆ, ಬೇಕಾದಾಗ ಮೇಲಕ್ಕೆತ್ತಿ ತೆಗೆಯಬಹುದು. ನವನಗರದ ಇಟ್ಟಿಗೆ ಗೋಡೆಗೆ ಪ್ಲಗ್, ಸ್ಕ್ರೂ ಸರಿ. ಹಳೇ ಊರಿನ ಕಲ್ಲು ಮಣ್ಣಿನ ಗೋಡೆಯಾದರೆ ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದಿಲ್ಲ, ಬಡಿಗೇರರನ್ನು ಕರೆದು ಗೋಡೆಯಲ್ಲಿ ಕಟ್ಟಿಗೆ ಗೂಟ ಕೂರಿಸಿಕೊಳ್ಳಿ.

ಪ್ರಶ್ನೆ: ನಮ್ಮದು ಇಳಕಲ್ ಸೀರೆ ಅಂಗಡಿ. ಗಿರಾಕಿಗಳು ಸೀರೆ ಮೈಮೇಲೆ ಹಾಕಿ ನೋಡುವ ದೊಡ್ಡ ಕನ್ನಡಿಗೆ ಬಣ್ಣದ ಲೈಟು ಹಾಕಿಸಿದ್ದೇವೆ. ನೋಡಲು ಭಾರಿ ಇದೆ. ಆದರೆ ಅಂಗಡಿಯಲ್ಲಿ ನೋಡಿದ ಬಣ್ಣ ಮನೆಗೆ ಹೋದ ಮೇಲೆ ಬೇರೆ ಕಾಣುತ್ತೆ ಅಂತ ಸೀರೆ ವಾಪಸ್ ತರುತ್ತಿದ್ದಾರೆ. ಲೈಟು ಕೆಟ್ಟದ್ದಾ?
ಇಳಕಲ್

ಉತ್ತರ: ಲೈಟು ಕೆಟ್ಟಿಲ್ಲ ಅಣ್ಣಾವ್ರೆ, ಅದನ್ನು ಹಾಕಿದ ಜಾಗ ಕೆಟ್ಟದ್ದು. ನಿಮ್ಮದೇ ಸೀರೆ ತಗೊಂಡು ಒಂದು ಪ್ರಯೋಗ ಮಾಡಿ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಉಳಿದ ಲೈಟೆಲ್ಲ ಆರಿಸಿ, ಬರೀ ಕೆಂಪು ಲೈಟು ಹಚ್ಚಿ, ತೋಪು ತೆನಿ ಸೆರಗು ಹಿಡಿಯಿರಿ. ಕೆಂಪು ಸೆರಗಿನ ಮೇಲಿನ ಬಿಳಿ ತೆನೆಗಳು ಮಾಯ! ಯಾಕಂದರೆ ಅಲ್ಲಿರುವುದು ಕೆಂಪು ಬೆಳಕು ಮಾತ್ರ. ಬಿಳಿ ನೂಲೂ ಅದನ್ನೇ ವಾಪಸ್ ಕಳಿಸುತ್ತದೆ, ಕೆಂಪು ನೂಲೂ ಅದನ್ನೇ ಕಳಿಸುತ್ತದೆ. ಎರಡಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ. ಈಗ ಹಸಿರು ಹಚ್ಚಿ. ಸೆರಗಿನ ಕೆಂಪು ಕಪ್ಪಾಗಿ ಕಾಣುತ್ತದೆ, ತೆನೆಗಳು ಮತ್ತೆ ಎದ್ದು ಬರುತ್ತವೆ.

"ನಾವು ಬಿಳಿಯನ್ನೇ ಹಚ್ಚುತ್ತೇವಲ್ಲ" ಅಂತೀರಿ. ಆರ್‌ಜಿಬಿ ಸ್ಟ್ರಿಪ್‌ನ ಬಿಳಿ ನಿಜವಾದ ಬಿಳಿ ಅಲ್ಲ. ಕೆಂಪು, ಹಸಿರು, ನೀಲಿ ಮೂರನ್ನೂ ಒಟ್ಟಿಗೆ ಹಚ್ಚಿ ಕಣ್ಣಿಗೆ ಬಿಳಿ ಅನಿಸುವ ಹಾಗೆ ಮಾಡಿರುತ್ತಾರೆ. ಬಿಸಿಲಲ್ಲಿ ಎಲ್ಲಾ ಬಣ್ಣಗಳೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ, ಇಲ್ಲಿ ಮೂರೇ ಮೂರು, ನಡುವೆ ಖಾಲಿ. ದಾಳಿಂಬೆ ಕೆಂಪು, ನವಿಲು ಹಸಿರು, ಅರಿಶಿನ ತರಹದ ಸೂಕ್ಷ್ಮ ಬಣ್ಣಗಳು ಆ ಖಾಲಿಯಲ್ಲೇ ದಾರಿ ತಪ್ಪುತ್ತವೆ. ಮುಖವೂ ಅಷ್ಟೇ, ಆ ಬೆಳಕಲ್ಲಿ ಕುಂಕುಮದ್ದೂ ಮುಖದ್ದೂ ಬಣ್ಣ ಬೇರೆಯೇ ಕಾಣುತ್ತದೆ.

ನಾನು ಎಲ್ಲರಿಗೂ ಹೇಳುವುದು ಇದನ್ನೇ: ಬಣ್ಣದ ಲೈಟು ಗೋಡೆಗೆ, ಬಿಳಿ ಲೈಟು ಮುಖಕ್ಕೆ. ಎರಡಕ್ಕೂ ಬೇರೆ ಸ್ಟ್ರಿಪ್, ಬೇರೆ ಸ್ವಿಚ್. ಕನ್ನಡಿಯ ಎಡಕ್ಕೆ, ಬಲಕ್ಕೆ ಮನುಷ್ಯನ ಎತ್ತರದಲ್ಲಿ ಒಂದೊಂದು ಅಲ್ಯೂಮಿನಿಯಂ ಪಟ್ಟಿ ಕೂರಿಸಿ. ಹಾಲು ಬಣ್ಣದ ಮುಚ್ಚಳ ಇರುವಂಥದ್ದು, ಅಂಗಡಿಯಲ್ಲಿ ಪ್ರೊಫೈಲ್ ಅಂತ ಕೇಳಿ. ಅದರೊಳಗೆ 4000 ಕೆಲ್ವಿನ್ ಬಿಳಿ ಸ್ಟ್ರಿಪ್, ಅಂದರೆ ತೀರ ಹಳದಿಯೂ ಅಲ್ಲದ, ತೀರ ನೀಲಿಯೂ ಅಲ್ಲದ ಬಿಳಿ. ಡಬ್ಬದ ಮೇಲೆ ಸಿಆರ್‌ಐ 90 ಅಥವಾ ಅದಕ್ಕಿಂತ ಜಾಸ್ತಿ ಅಂತ ಬರೆದಿರುವುದನ್ನೇ ಹುಡುಕಿ, ಬಣ್ಣವನ್ನು ಎಷ್ಟು ನಿಯತ್ತಾಗಿ ತೋರಿಸುತ್ತದೆ ಅನ್ನುವುದರ ಅಳತೆ ಅದು, 100 ಅಂದರೆ ಪೂರ್ತಿ. ಮೇಲಿನಿಂದ ಮಾತ್ರ ಲೈಟು ಹಾಕಿದರೆ ಕಣ್ಣ ಕೆಳಗೆ, ಗದ್ದದ ಕೆಳಗೆ ನೆರಳು ಬಿದ್ದು ಗಿರಾಕಿ ಸುಸ್ತಾದ ಹಾಗೆ ಕಾಣುತ್ತಾರೆ. ಸುಸ್ತಾಗಿ ಕಂಡವರು ಸೀರೆ ಕೊಳ್ಳುತ್ತಾರಾ? ಪಕ್ಕದಿಂದಲೇ ಬರಲಿ. ಆದರೂ ಕೊನೆಗೊಮ್ಮೆ ಸೀರೆಯನ್ನು ಬಾಗಿಲಿಗೆ ತಂದು ಹಗಲ ಬೆಳಕಲ್ಲಿ ತೋರಿಸಿ.

ಪ್ರಶ್ನೆ: ಕನ್ನಡಿ ಕಟ್ಟಿಗೆ ಖಣದ ಬಟ್ಟೆ ಹಚ್ಚಿ ಲೈಟು ಹಾಕಬಹುದೇ? ತಂಗಿ ಮದುವೆಗೆ ಉಡುಗೊರೆ ಕೊಡಬೇಕು.
ಗುಳೇದಗುಡ್ಡ

ಉತ್ತರ: ಹಾಕಬಹುದು. ಈ ಸಲ ಬಂದ ಪತ್ರಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ. ಕುಬಸ ಹೊಲಿಸಿ ಉಳಿದ ಚೂರು ಪೆಟ್ಟಿಗೆಯಲ್ಲಿ ಕೊಳೆಯುವ ಬದಲು ಗೋಡೆ ಮೇಲೆ ಬರಲಿ.

ನೆನಪಿಡಬೇಕಾದ್ದು ಕೆಲವು. ಖಣದ ನೇಯ್ಗೆ ಒತ್ತು, ಬೆಳಕು ಅದನ್ನು ದಾಟಿ ಬರುವುದಿಲ್ಲ. ಬಟ್ಟೆ ಹಿಂದೆ ಲೈಟು ಇಟ್ಟರೆ ಹೊಳೆಯುತ್ತೆ ಅಂದುಕೊಂಡಿದ್ದರೆ ಆ ಆಸೆ ಬಿಡಿ. ಮೇಲೆ ಹೇಳಿದ ಹಾಗೆ ಬಣ್ಣ ಹಿಂದಿನ ಗೋಡೆಗೆ ಬೀಳಲಿ. ಹಾಲ್ ಲೈಟು ಆರಿಸಿದಾಗ ಖಣ ಕತ್ತಲಲ್ಲಿ ಉಳಿಯುತ್ತದೆ, ಅದಕ್ಕೆ ಕಟ್ಟಿನ ನೇರ ಮೇಲೆ ಒಂದು ಸಣ್ಣ ಹಳದಿ ಬಿಳಿ ಲೈಟು, ಹಳೇ ಬಲ್ಬಿನ ಬಣ್ಣದ್ದು, ಇದ್ದರೆ ಆ ಬುಟ್ಟಾಗಳು ಎದ್ದು ಕಾಣುತ್ತವೆ.

ಕಟ್ಟು 3 ಇಂಚು ಅಗಲದ, ಚಪ್ಪಟೆ ಪ್ಲೈವುಡ್ ಪಟ್ಟಿಯದ್ದಾಗಲಿ. ನೀರಿನಂಥ ಅಂಟನ್ನು ಮುಂಭಾಗಕ್ಕೆ ಬಳಿಯಬೇಡಿ, ಬಟ್ಟೆಯಿಂದ ಹಾಯ್ದು ಕಲೆ ಬೀಳುತ್ತದೆ, ಬಣ್ಣವೂ ಬಿಡಬಹುದು. ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಂದೆ ಮಡಚಿ ಸ್ಟೇಪ್ಲರ್ ಪಿನ್ ಹೊಡೆಯಿರಿ. ಒಳಗೆ ತೆಳ್ಳಗೆ ಒಂದು ಪದರ ಹತ್ತಿ ಬಟ್ಟೆ ಹಾಸಿದರೆ ಮೇಲ್ಮೈ ತುಂಬಿಕೊಂಡ ಹಾಗೆ ಬರುತ್ತದೆ. ಮೂಲೆಗಳಲ್ಲಿ ನಾಲ್ಕು ಬಟ್ಟೆ ಪಟ್ಟಿಗಳ ತುದಿಯನ್ನು 45 ಡಿಗ್ರಿ ಮಡಚಿ ಇಸ್ತ್ರಿ ಮಾಡಿ ಕೂಡಿಸಬೇಕು. ಇಲ್ಲಿ ಸಮಯ ಹಾಕಿ. ಎರಡೂ ಕಡೆಯ ಬುಟ್ಟಾ ಸರಿಯಾಗಿ ಎದುರುಬದುರು ಬರುವ ಹಾಗೆ ಮೊದಲೇ ಹಾಸಿ ನೋಡಿ, ಆಮೇಲೆ ಕತ್ತರಿ ಹಾಕಿ. ಒಂದು ಬುಟ್ಟಾ ಅರ್ಧಕ್ಕೆ ತುಂಡಾದರೂ ನೇಕಾರರ ಊರಲ್ಲಿ ಅದನ್ನೇ ಮೊದಲು ನೋಡುತ್ತಾರೆ, ನಿಮಗೆ ನಾನು ಹೇಳಬೇಕಾ? ಸ್ಟ್ರಿಪ್ ಬಟ್ಟೆಗೆ ತಾಗದಿರಲಿ, ಎಲ್‌ಇಡಿಯೂ ಬಿಸಿಯಾಗುತ್ತದೆ. ನೇರ ಬಿಸಿಲು ಬೀಳುವ ಗೋಡೆ ಬೇಡ, ಬಣ್ಣ ಮಾಸುತ್ತದೆ.

ಪ್ರಶ್ನೆ: ಎರಡೇ ಮಳೆಗಾಲಕ್ಕೆ ಕನ್ನಡಿ ಅಂಚಿನ ಪಾದರಸ ಹೋಗಿ ಕಪ್ಪು ಕಪ್ಪು ಆಗಿದೆ. ಲೈಟಿನ ಬಿಸಿಗೆ ಹೀಗಾಯಿತಾ? ಸರಿ ಮಾಡಬಹುದಾ?
ಟಿಳಕವಾಡಿ, ಬೆಳಗಾವಿ

ಉತ್ತರ: ಲೈಟಿನ ಮೇಲೆ ಅನುಮಾನ ಬೇಡ. ಹಾಗೇ ಒಂದು ಮಾತು, ಅದು ಪಾದರಸ ಅಲ್ಲ, ಬೆಳ್ಳಿ. ಹಿಂದೆ ತವರ, ಪಾದರಸ ಸೇರಿಸಿ ಕನ್ನಡಿ ಮಾಡುತ್ತಿದ್ದರು. 1835ರಲ್ಲಿ ಜರ್ಮನಿಯ ಯುಸ್ಟುಸ್ ಫೋನ್ ಲೀಬಿಗ್ ಎಂಬ ರಸಾಯನಶಾಸ್ತ್ರಜ್ಞ ಗಾಜಿನ ಮೇಲೆ ಬೆಳ್ಳಿಯ ತೆಳು ಪದರ ಕೂರಿಸುವ ದಾರಿ ಕಂಡುಹಿಡಿದ. ಪಾದರಸ ಹೋಗಿ ಇಷ್ಟು ಕಾಲವಾದರೂ ನಮ್ಮ ಬಾಯಲ್ಲಿ ಪಾದರಸವೇ ಉಳಿದಿದೆ, ಉಳಿಯಲಿ ಬಿಡಿ.

ಆ ಬೆಳ್ಳಿಗೆ ತೇವ ಆಗಿಬರಲ್ಲ. ಹಿಂದೆ ಪೇಂಟ್ ಹೊಡೆದಿರುತ್ತಾರೆ, ಆದರೆ ಕತ್ತರಿಸಿದ ಅಂಚಿನಲ್ಲಿ ಬೆಳ್ಳಿ ಬರಿಮೈ. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ, ಆ ಅಂಚಿನಿಂದಲೇ ತೇವ ನುಗ್ಗುತ್ತದೆ. ಇನ್ನೊಂದು ಕಾರಣ ಅಂಟು. ಕನ್ನಡಿ ಅಂಟಿಸಿದ ಸಿಲಿಕೋನ್ ಒಣಗುವಾಗ ವಿನೆಗರ್ ವಾಸನೆ ಬಂದಿತ್ತಾ ನೆನಪು ಮಾಡಿಕೊಳ್ಳಿ. ಬಂದಿದ್ದರೆ ಅದು ಆಮ್ಲ ಬಿಡುವ ಜಾತಿ, ಕನ್ನಡಿ ಹಿಂದಿನ ಪದರವನ್ನು ತಿನ್ನುತ್ತದೆ. ನ್ಯೂಟ್ರಲ್ ಸಿಲಿಕೋನ್ ಅಂತ ಕೇಳಿ ತರಬೇಕು. ಮೂರನೆಯದು ನಾವೇ ದಿನಾ ಮಾಡುವ ತಪ್ಪು. ಗಾಜು ಒರೆಸುವ ದ್ರವವನ್ನು ನೇರ ಕನ್ನಡಿಗೆ ಹೊಡೆಯುತ್ತೇವೆ, ಅದು ಇಳಿದು ಕೆಳಗಿನ ಅಂಚಿನಲ್ಲಿ ನಿಲ್ಲುತ್ತದೆ. ಬಟ್ಟೆಗೆ ಹೊಡೆದು ಒರೆಸಿ.

ಹೋದದ್ದು ವಾಪಸ್ ಬರಲ್ಲ. ಆದರೆ ಕಪ್ಪು ಒಂದು ಇಂಚಿನೊಳಗೇ ಇದ್ದರೆ ಸ್ವಲ್ಪ ಅಗಲದ ಕಟ್ಟು ಹಾಕಿಸಿ ಮುಚ್ಚಿಬಿಡಿ. ಹೊಸದು ತಂದರೆ ಅಂಚನ್ನು ಪಾಲಿಶ್ ಮಾಡಿಸಿ, ಸುತ್ತ ಒಂದು ಕೈ ವಾರ್ನಿಶ್ ಎಳೆಯಿರಿ. ಗೋಡೆಗೂ ಕನ್ನಡಿಗೂ ನಡುವೆ ಗಾಳಿ ಆಡಬೇಕು. ಹಿಂದೆ ಲೈಟಿನ ಚೌಕ ಇದ್ದರೆ ಅದು ತಾನಾಗಿಯೇ ಆಗುತ್ತದೆ.

ಪ್ರಶ್ನೆ: ಗೋಳಗುಮ್ಮಟದ ಆಕಾರದಲ್ಲಿ ದೊಡ್ಡ ಕನ್ನಡಿ ಮಾಡಿದ್ದೇನೆ. ಬಿಳಿ ಹಚ್ಚಿದರೆ ಸ್ಟ್ರಿಪ್ ಶುರುವಾಗುವ ಕಡೆ ಬಿಳಿ, ಕೊನೆಗೆ ಹೋಗ್ತಾ ಹೋಗ್ತಾ ಕೆಂಪು ಮಸಕು. ಜೊತೆಗೆ ರಿಮೋಟ್‌ನಲ್ಲಿ ಕೆಂಪು ಒತ್ತಿದರೆ ಹಸಿರು ಬರುತ್ತದೆ.
ವಿಜಯಪುರ

ಉತ್ತರ: ಗುಮ್ಮಟದ ಗ್ಯಾಲರಿಯಲ್ಲಿ ಪಿಸುಮಾತು ಆ ತುದಿ ಮುಟ್ಟುತ್ತದೆ, ನಿಮ್ಮ ಸ್ಟ್ರಿಪ್‌ನಲ್ಲಿ ವೋಲ್ಟೇಜ್ ಮುಟ್ಟುತ್ತಿಲ್ಲ. ಸ್ಟ್ರಿಪ್‌ನೊಳಗಿನ ತಾಮ್ರದ ಪಟ್ಟಿ ಬಹಳ ತೆಳು, ದೂರ ಹೋದಂತೆ ವೋಲ್ಟೇಜ್ ಇಳಿಯುತ್ತದೆ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು, ನೀಲಿ ಮತ್ತು ಹಸಿರಿಗೆ 3ರ ಹತ್ತಿರ ಬೇಕು. ಹಾಗಾಗಿ ಮೊದಲು ಸೋಲುವುದು ಅವೆರಡು, ಉಳಿಯುವುದು ಕೆಂಪು. ಕಂಟ್ರೋಲರ್‌ನಿಂದ, ಅಂದರೆ ರಿಮೋಟ್‌ನ ಮಾತು ಕೇಳಿ ಬಣ್ಣ ಬದಲಿಸುವ ಪುಟ್ಟ ಡಬ್ಬಿಯಿಂದ, ಇನ್ನೊಂದು ಜೊತೆ ವೈರ್ ಎಳೆದು ಸ್ಟ್ರಿಪ್‌ನ ಕೊನೆಯ ತುದಿಗೂ ಕೊಡಿ, ನಾಲ್ಕು ವೈರ್ ಅದದೇ ಜಾಗಕ್ಕೆ. ಸರಿಯಾಗುತ್ತದೆ. ಅಡಾಪ್ಟರ್ ಸಣ್ಣದಿದ್ದರೂ ಹೀಗೇ ಆಗಬಹುದು, ಮೊದಲ ಉತ್ತರದಲ್ಲಿ ಕೊಟ್ಟ ಲೆಕ್ಕ ಹಾಕಿ ನೋಡಿ.

ಎರಡನೆಯದು ದೋಷವೇ ಅಲ್ಲ. ವೈರ್ ಅದಲು ಬದಲಾಗಿದೆ. ಸ್ಟ್ರಿಪ್ ಮೇಲೆ 12ವಿ, ಜಿ, ಆರ್, ಬಿ ಅಂತ ಇರುತ್ತದೆ. ಅಡಾಪ್ಟರ್ ತೆಗೆದು ಜಿ, ಆರ್ ಎರಡನ್ನೂ ಬದಲಿಸಿ ಹಾಕಿ.

ಪ್ರಶ್ನೆ: ಕನ್ನಡಿಯೊಳಗೆ ಲೈಟು ಬಾವಿಯ ಹಾಗೆ ಆಳ ಆಳ ಕಾಣುತ್ತದಲ್ಲ, ಅದನ್ನು ಮನೆಯಲ್ಲಿ ಮಾಡಬಹುದಾ? ಕಾಲೇಜಿನ ಪ್ರದರ್ಶನಕ್ಕೆ ಬೇಕು.
ಖಾನಾಪುರ, ಬೆಳಗಾವಿ ಜಿಲ್ಲೆ

ಉತ್ತರ: ಸುಲಭ. ಹಿಂದೆ ಸಾದಾ ಕನ್ನಡಿ, ಮುಂದೆ ಕಿಟಕಿ ಗಾಜಿಗೆ ಹಚ್ಚುವಂಥ ಕನ್ನಡಿ ಹೊಳಪಿನ ಫಿಲ್ಮ್ ಅಂಟಿಸಿದ ಗಾಜು, ಎರಡರ ನಡುವೆ ಒಂದೆರಡು ಇಂಚಿನ ಚೌಕಟ್ಟು, ಅದರ ಒಳಮೈಗೆ ಸ್ಟ್ರಿಪ್. ಮುಂದಿನ ಗಾಜು ಸ್ವಲ್ಪ ಬೆಳಕನ್ನು ಹೊರಗೆ ಬಿಡುತ್ತದೆ, ಉಳಿದದ್ದನ್ನು ವಾಪಸ್ ಕಳಿಸುತ್ತದೆ. ಹೀಗೆ ಬೆಳಕು ಎರಡರ ನಡುವೆ ಓಡಾಡಿದಷ್ಟೂ ಒಂದೊಂದು ಸಾಲು, ಒಂದಕ್ಕಿಂತ ಒಂದು ಮಸಕು. ಇಲ್ಲಿ ಮಾತ್ರ ನನ್ನ ಮಾತನ್ನು ನಾನೇ ಮುರಿಯುತ್ತೇನೆ, ಚುಕ್ಕಿಗಳು ಕಾಣಬೇಕು, ಕಂಡರೇ ಚೆಂದ, ಪಿಕ್ಸೆಲ್ ಸ್ಟ್ರಿಪ್ ಹಾಕಿದರೆ ಇನ್ನೂ ಚೆಂದ. ಮುಚ್ಚುವ ಮೊದಲು ಒಳಗಿನ ಬೆರಳಚ್ಚು ಒರೆಸಿ, ಆಮೇಲೆ ಒರೆಸಲು ಬರಲ್ಲ. ಪ್ರದರ್ಶನದ ದಿನ ಕೋಣೆ ಸ್ವಲ್ಪ ಕತ್ತಲಿರಲಿ.

ಪ್ರಶ್ನೆ: ಲೈಟಿನ ಕನ್ನಡಿ ಯಾವ ದಿಕ್ಕಿಗೆ ಇರಬೇಕು?
ಮುಧೋಳ

ಉತ್ತರ: ವಾಸ್ತು ಕೇಳುತ್ತಿದ್ದರೆ ಮನೆಯ ಹಿರಿಯರನ್ನು ಕೇಳಿ. ನನ್ನನ್ನು ಕೇಳಿದರೆ ಕಿಟಕಿಯ ನೇರ ಎದುರಿಗೆ ಬೇಡ, ಹಗಲಿನಲ್ಲಿ ಗೋಡೆಯ ಬಣ್ಣ ಏನೂ ಕಾಣಲ್ಲ. ಟಿವಿ ಎದುರಿಗೂ ಬೇಡ, ಕನ್ನಡಿಯ ಬಣ್ಣ ಪರದೆಯಲ್ಲಿ ಓಡಾಡುತ್ತದೆ.

ಪ್ರಶ್ನೆ: ಎಲ್ಲಾ ಜೋಡಿಸಿ ಗೋಡೆಗೆ ಹಾಕಿದ ಮೇಲೆ ರಿಮೋಟ್ ಕೆಲಸ ಮಾಡುತ್ತಿಲ್ಲ. ಮೇಜಿನ ಮೇಲೆ ಇದ್ದಾಗ ಮಾಡುತ್ತಿತ್ತು.
ಗೋಕಾಕ

ಉತ್ತರ: ಮೊದಲು ಮೊಬೈಲ್ ಕ್ಯಾಮೆರಾ ತೆರೆದು ರಿಮೋಟ್‌ನ ಮೂತಿಗೆ ಹಿಡಿದು ಬಟನ್ ಒತ್ತಿ ನೋಡಿ. ಪರದೆಯಲ್ಲಿ ನೇರಳೆ ಬೆಳಕು ಮಿಣಮಿಣ ಅಂದರೆ ರಿಮೋಟ್ ಸರಿ ಇದೆ. ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲೂ ನೋಡಿ, ಕೆಲವು ಮೊಬೈಲ್‌ಗಳ ಹಿಂದಿನ ಕ್ಯಾಮೆರಾದಲ್ಲಿ ಈ ಬೆಳಕು ಕಾಣುವುದಿಲ್ಲ. ಅಲ್ಲೂ ಕಾಣದಿದ್ದರೆ ಸೆಲ್ ಬದಲಿಸಿ. ರಿಮೋಟ್ ಸರಿಯಿದ್ದರೆ, ಕಂಟ್ರೋಲರ್‌ನಿಂದ ಸಣ್ಣ ವೈರಿನ ತುದಿಯಲ್ಲಿ ಒಂದು ಕಪ್ಪು ಕಣ್ಣು ಬಂದಿರುತ್ತದಲ್ಲ, ಅದು ಪ್ಲೈವುಡ್ ಹಿಂದೆ ಸೇರಿಕೊಂಡಿದೆ. ಆ ರಿಮೋಟ್‌ನ ಬೆಳಕು ಕಟ್ಟಿಗೆ ದಾಟಲ್ಲ. ಕಣ್ಣನ್ನು ಕಟ್ಟಿನ ಕೆಳಗಿನಿಂದ ಅರ್ಧ ಇಂಚು ಹೊರಗೆ ಇಣುಕುವ ಹಾಗೆ ಎಳೆದು ಒಂದು ತುಂಡು ಟೇಪ್ ಹಚ್ಚಿ. ಕನ್ನಡಿ ಇಳಿಸುವುದೂ ಬೇಕಾಗಲ್ಲ, ಕೈ ತೂರಿಸಿದರೆ ಸಿಗುತ್ತದೆ.